ಕೆರೆಯ ಮೇಲಿನ ಆಕಾಶ

ನಮ್ಮ ಮನೆಯ ಹಜಾರದಲ್ಲಿ ಮನೆಯವರು ಯಾರೂ ಕೂರುತ್ತಿರಲಿಲ್ಲ. ಚಾಮರಾಜಪೇಟೆಯ ಆ ಅಡ್ಡರಸ್ತೆಯ ಉಳಿದ ಮನೆಗಳ ಹಜಾರದಲ್ಲಿ ಬೆತ್ತದ ಕುರ್ಚಿ, ರೇಡಿಯೋ, ಸತ್ತ ಅಜ್ಜಂದಿರ ಫೋಟೋ ಇದ್ದರೆ, ನಮ್ಮ ಹಜಾರದಲ್ಲಿ ಕೆರೆ, ಬೆಟ್ಟ, ಹುಣಸೆ ತೋಪು, ಗದ್ದೆಯ ಬದು ತೂಗುತ್ತಿದ್ದವು. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವರೂ ಅವರ ಮೂವರು ಗೆಳೆಯರೂ ಸೇರಿ ಹಜಾರವನ್ನು ಚಿತ್ರಶಾಲೆ ಮಾಡಿಕೊಂಡಿದ್ದರು. ಜಗುಲಿಯ ಮೇಲೆ 'ಬಯಲು ಚಿತ್ರಶಾಲೆ' ಎಂದು ಅಪ್ಪನೇ ಬರೆದ ಹಲಗೆ. ನಾಲ್ಕು ಗೋಡೆ, ನಾಲ್ಕು ಜನ. ಒಳಬಾಗಿಲಿನ ಪಕ್ಕದ ಗೋಡೆ ಅಪ್ಪನದು. ಅದರ ಎದುರಿನದು ರುದ್ರಪ್ಪ ಮಾಮನದು. ಅವರಿಗೆ ಕಾಟನ್‌ಪೇಟೆಯಲ್ಲಿ ಅಣ್ಣತಮ್ಮಂದಿರ ಜೊತೆ ಬಟ್ಟೆಯ ಸಗಟು ಅಂಗಡಿ ಇತ್ತು. ಮೂರನೆಯದು ಮಲ್ಲೇಶ್ವರದಿಂದ ಬಸ್ಸು ಹಿಡಿದು ಬರುತ್ತಿದ್ದ ಲೀಲಾ ಟೀಚರದು. ಬೀದಿಯ ಕಡೆಯ ಗೋಡೆಯಲ್ಲಿ ಎರಡು ಕಿಟಕಿ ಇದ್ದುದರಿಂದ ಮೊಳೆ ಹೊಡೆಯಲು ಜಾಗ ಕಡಿಮೆ; ಅದು ಟೆಲಿಫೋನ್ ಆಫೀಸಿನ ಮೂರ್ತಿ ಮಾಮನ ಪಾಲಿಗೆ ಬಂದಿತ್ತು. ಚೀಟಿ ಎತ್ತಿಯೇ ಹಂಚಿಕೊಂಡದ್ದು. ಆದರೂ ಆ ಚೀಟಿಗಳನ್ನು ಮಡಿಸಿದವರು ಯಾರು ಎಂದು ಮೂರ್ತಿ ಮಾಮ ಆಮೇಲೂ ಎಷ್ಟೋ ಸಲ ಕೇಳಿದ್ದು ನನಗೆ ನೆನಪಿದೆ.

ಹಜಾರಕ್ಕೂ ನಡುಮನೆಗೂ ನಡುವೆ ಒಂದು ದಪ್ಪ ಬಾಗಿಲು. ಬೀದಿ ಬಾಗಿಲಿನ ಬೀಗದ ಕೈ ನಾಲ್ವರ ಹತ್ತಿರವೂ ಇತ್ತು. ಯಾರು ಯಾವಾಗ ಬೇಕಾದರೂ ಬಂದು ಹಜಾರದಲ್ಲಿ ಕೆಲಸ ಮಾಡಬಹುದಿತ್ತು. ಅದಕ್ಕೇ ಅಮ್ಮ ನಡುಬಾಗಿಲಿಗೆ ನಮ್ಮ ಕಡೆಯಿಂದ ಎರಡು ಚಿಲಕ ಹಾಕಿಸಿದ್ದಳು. ಅಮ್ಮ ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಹಾಲಿನವನು ಬಂದರೆ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಅದು ಹರಿಯುತ್ತದೋ ನಿಲ್ಲುತ್ತದೋ ನೋಡುತ್ತಿದ್ದಳು. ಸೀಮೆಎಣ್ಣೆ ಡಬ್ಬದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿಡುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಹಳ್ಳಿಯಲ್ಲಿ ಸ್ವಂತ ಸೋದರಮಾವನೇ ಅವಳ ತಂದೆಯ ಹೆಬ್ಬೆಟ್ಟನ್ನು ಹೊಲದ ಪತ್ರಕ್ಕೆ ಒತ್ತಿಸಿಕೊಂಡಿದ್ದನಂತೆ. ಆ ಕತೆಯನ್ನು ಅವಳು ನನಗೆ ತಲೆ ಬಾಚುವಾಗ ಹೇಳುತ್ತಿದ್ದಳು. ಕತೆ ಬಿಗಿಯಾದಷ್ಟೂ ಜಡೆಯೂ ಬಿಗಿಯಾಗುತ್ತಿತ್ತು.

ಚಿತ್ರಶಾಲೆಯ ಮೇಲೆ ಅವಳಿಗಿದ್ದ ಮೊದಲ ಸಿಟ್ಟು ಊಟದ್ದು. ನಾವು ಮಾಗಡಿ ಕಡೆಯ ಒಕ್ಕಲಿಗರು. ಭಾನುವಾರ ಎಂದರೆ ಮುದ್ದೆ, ಮಟನ್ ಸಾರು. ಆದರೆ ಗೆಳೆಯರು ಸೇರುತ್ತಿದ್ದದ್ದೂ ಭಾನುವಾರವೇ. ರುದ್ರಪ್ಪ ಮಾಮ ಹಣೆ ತುಂಬ ವಿಭೂತಿ ಇಟ್ಟುಕೊಂಡು ಬರುವವರು. ಮೂರ್ತಿ ಮಾಮ, ಲೀಲಾ ಟೀಚರ್ ಇಬ್ಬರ ಮನೆಯಲ್ಲೂ ಮಾಂಸದ ಅಡಿಗೆ ಇಲ್ಲ. ಹಾಗಾಗಿ ನಮ್ಮ ಮಟನ್ ಬುಧವಾರಕ್ಕೆ ಹೋಯಿತು. ಬುಧವಾರ ಅಪ್ಪ ಸ್ಕೂಲಿನಿಂದ ಬರುವುದು ತಡ, ನನಗೆ ಟ್ಯೂಷನ್ನು. ಅಮ್ಮ ಭಾನುವಾರ ಉಪ್ಪಿಟ್ಟಿನ ರವೆ ಹುರಿಯುತ್ತಾ ಒಳಗಿನಿಂದಲೇ ಕೇಳುವಂತೆ ಹೇಳುತ್ತಿದ್ದಳು:

"ಇದೇನ್ ಮನೆನೋ ಬಸ್ ಸ್ಟ್ಯಾಂಡೋ? ನಮ್ಮನೇಲಿ ನಾವ್ ತಿನ್ನೋದಕ್ಕೂ ಇವರ್ನ ಕೇಳ್ಬೇಕಾ?"

"ಮೆತ್ತಗೆ ಮಾತಾಡೇ, ಕೇಳಿಸ್ತದೆ."

"ಕೇಳಿಸ್ಲಿ ಅಂತಾನೇ ಹೇಳ್ತಿರೋದು."

ಭಾನುವಾರದ ಸಭೆಗೆ ಒಂದು ಕ್ರಮವಿತ್ತು. ಯಾರಾದರೂ ಒಬ್ಬರು ತಮ್ಮ ಹೊಸ ಚಿತ್ರವನ್ನು ಸ್ಟ್ಯಾಂಡಿನ ಮೇಲಿಡಬೇಕು. ಉಳಿದ ಮೂವರು ತೋಚಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಚಿತ್ರ ಬರೆದವರು ಎದುರು ಮಾತಾಡಬಾರದು. ಗುರು ಅಂತ ಯಾರೂ ಇರಲಿಲ್ಲ. ಸರದಿಯ ಮೇಲೆ ಎಲ್ಲರೂ ಗುರು, ಎಲ್ಲರೂ ಶಿಷ್ಯರು. ಒಮ್ಮೆ ಮೂರ್ತಿ ಮಾಮ ಲೀಲಾ ಟೀಚರ ಚಿತ್ರದಲ್ಲಿದ್ದ ಕರೆಂಟಿನ ತಂತಿಯ ಮೇಲೆ ಅವರನ್ನು ಕೇಳದೆ ಒಂದು ಕಾಗೆ ಬರೆದುಬಿಟ್ಟರು. ಟೀಚರ್ ಒಂದು ತಿಂಗಳು ಬರಲೇ ಇಲ್ಲ. ಬಂದ ದಿನ ಅವರು ಒಂದು ನಿಯಮ ಮಾಡಿದರು, ಅಪ್ಪ ಅದನ್ನು ಬರೆದು ಬೀದಿ ಬಾಗಿಲ ಪಕ್ಕ ಅಂಟಿಸಿದರು: 'ಬಾಯಿಂದ ತಿದ್ದಿ, ಕೈಯಿಂದ ಬೇಡ.' ನಡುಬಾಗಿಲಿನ ಬಿರುಕಿನಿಂದ ನೋಡಿದರೆ ಆ ಕಾಗದವೂ ಅಪ್ಪನ ಗೋಡೆಯ ಅರ್ಧವೂ ಕಾಣುತ್ತಿದ್ದವು. ಆ ಬಿರುಕಿನಲ್ಲಿ ಕಣ್ಣಿಟ್ಟು ನಾನು ನನ್ನ ಬಾಲ್ಯದ ಅದೆಷ್ಟು ಹೊತ್ತು ಕಳೆದೆನೋ. ಆ ಮಾತುಗಳಲ್ಲಿ ಅರ್ಧ ನನಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾದದ್ದು ಒಂದು ಮಾತ್ರ. ಅಪ್ಪನಿಗೆ ಬಂಡೆ ಬರುತ್ತಿತ್ತು, ಆಕಾಶ ಬರುತ್ತಿರಲಿಲ್ಲ. ಹುಡುಗನಾಗಿದ್ದಾಗ ಬಂಡೆಗಳ ಮೇಲೆ ಕುರಿ ಕಾಯ್ದವರು ಅವರು. ಎಡಗೈಯಲ್ಲಿ ಬ್ರಷ್ಷು ಹಿಡಿದು ನಾಲ್ಕು ಸಲ ಎಳೆದರೆ ಕಲ್ಲಿನ ಮೇಲೆ ಬಿಸಿಲು ಕೂರುತ್ತಿತ್ತು. ಮೇಲೆ ನೋಡಿದರೆ ಮಾತ್ರ ಸುಣ್ಣ ಹೊಡೆದ ಹಾಗೆ ಒಂದು ನೀಲಿ. ರುದ್ರಪ್ಪ ಮಾಮನದು ತಿರುವುಮುರುವು.

"ನಮ್ಮನೇಲಿ ಕಿಟಕಿ ತೆಗೆದ್ರೆ ಎದುರುಮನೆ ಗೋಡೆ. ಮಾಳಿಗೆ ಹತ್ತಿದ್ರೆ ಆಕಾಶ. ನಾನ್ ನೋಡ್ಕೊಂಡ್ ಬೆಳೆದಿರೋ ಬಯಲು ಅದೊಂದೇ ಕಣೋ ಗೌಡ," ಎನ್ನುತ್ತಿದ್ದರು ಅವರು.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ನಗರದ ಒಂದು ದೊಡ್ಡ ಪ್ರದರ್ಶನಕ್ಕೆ ಚಿತ್ರ ಆರಿಸುವ ಹಿರಿಯರೊಬ್ಬರು ನಮ್ಮ ಹಜಾರಕ್ಕೆ ಬಂದರು. ಅಮ್ಮ ಹೊಸ ಲೋಟದಲ್ಲಿ ಕಾಫಿ ಕೊಟ್ಟಳು. ಅವರು ನಾಲ್ಕೂ ಗೋಡೆಗಳ ಮುಂದೆ ಕೈಕಟ್ಟಿಕೊಂಡು ನಡೆದು, ಅಪ್ಪನ ಕೆಂಪಾಂಬುಧಿ ಕೆರೆಯ ಚಿತ್ರದ ಮುಂದೆ ನಿಂತರು. ದಡದಲ್ಲಿ ಬಟ್ಟೆ ಒಗೆಯುವ ಕಲ್ಲುಗಳು, ಇಳಿದ ನೀರು, ಮೇಲೆ ಬರೀ ನೀಲಿ.

"ಇದೊಂದು ಕಳ್ಸಿ. ಆದ್ರೆ ಆಕಾಶ ಇನ್ನೂ ಕೆಲಸ ಕೇಳ್ತಾ ಇದೆ, ಮೇಷ್ಟ್ರೇ. ಮುಗಿಸಿ ಕಳ್ಸಿ."

ನಾಲ್ವರಲ್ಲಿ ಒಬ್ಬರ ಚಿತ್ರ. ಅವತ್ತಿನಿಂದ ಮನೆಯ ಗಾಳಿ ಬದಲಾಯಿತು. ಲೀಲಾ ಟೀಚರ್ ಅಪ್ಪನಿಗೆ ಹೂವಿನ ಹಾರ ತಂದರು. ಮೂರ್ತಿ ಮಾಮ ತಾವಾಗಿ ಅಡಿಗೆಮನೆಯ ಬಾಗಿಲ ತನಕ ಬಂದು ಲೋಟ ಕೊಡುವ ನೆಪದಲ್ಲಿ ಅಮ್ಮನ ಜೊತೆ ಮಾತಾಡಿದರು. ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ.

"ಅಕ್ಕ, ತಪ್ ತಿಳ್ಕೋಬೇಡಿ. ನಮ್ಮಲ್ಲಿ ಒಬ್ಬರಿಗೆ ಇದು ಸಹಿಸೋಕಾಗ್ತಿಲ್ಲ. ಆ ಚಿತ್ರದ್ ಮೇಲೆ ಒಂದ್ ಕಣ್ಣಿಟ್ಟಿರಿ."

"ಯಾರ್ಗೆ?"

"ಹೆಸರ್ ನಾನ್ಯಾಕ್ ಹೇಳ್ಲಿ. ಮೇಷ್ಟ್ರು ಸ್ಕೂಲಲ್ಲಿರೋವಾಗ ಯಾರ್ ಬಂದು ಹೋಗ್ತಾರೆ, ನೀವೇ ನೋಡಿ."

ಮೇಷ್ಟ್ರು ಸ್ಕೂಲಿನಲ್ಲಿರುವಾಗ ಬರಲು ಸಾಧ್ಯವಿದ್ದದ್ದು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬರಬಲ್ಲ ರುದ್ರಪ್ಪ ಮಾಮನಿಗೆ ಮಾತ್ರ. ಅಮ್ಮನಿಗೆ ಅಷ್ಟು ಸಾಕಾಯಿತು. ಆ ರಾತ್ರಿ ಊಟದಲ್ಲಿ ಅಪ್ಪನ ಮುಂದೆ ಮಾತೆತ್ತಿದಳು. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ರುದ್ರಪ್ಪನ್ ವಿಷಯಕ್ ಬರ್ಬೇಡ," ಎಂದರು. ಅಪ್ಪ ಅಷ್ಟು ಗಡುಸಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಮ್ಮ ಸಾರಿನ ಪಾತ್ರೆ ಒಳಗೆ ಒಯ್ದಳು. ಬೆಳಿಗ್ಗೆ ಜಡೆ ಹಾಕುವಾಗ ನನಗೆ ಹೇಳಿದಳು:

"ನಿಮ್ಮಪ್ಪ ಕಣ್ಮುಚ್ಕೊಂಡ್ ನಂಬೋರು. ನೀನ್ ನೋಡ್ತಿರು ಪುಟ್ಟಿ. ಯಾರ್ ಬರ್ತಾರೆ, ಏನ್ ಮಾಡ್ತಾರೆ, ನಂಗ್ ಹೇಳು."

ನನಗೆ ಆ ಕೆಲಸ ಹೆಮ್ಮೆಯ ಕೆಲಸವಾಯಿತು. ಅನುಮಾನ ಎನ್ನುವುದು ಮಕ್ಕಳಿಗೆ ಎಷ್ಟು ಬೇಗ ಹಿಡಿಯುತ್ತದೆ ಎಂದು ಈಗ ಆಶ್ಚರ್ಯಪಡುತ್ತೇನೆ. ಲೀಲಾ ಟೀಚರ್ ತಂದ ಕೊಬ್ಬರಿ ಮಿಠಾಯಿ ತಿನ್ನುವಾಗಲೂ ಯಾಕೆ ತಂದರು ಎಂದು ಯೋಚಿಸುತ್ತಿದ್ದೆ. ರುದ್ರಪ್ಪ ಮಾಮ ನನ್ನ ಗಲ್ಲ ಹಿಂಡಿದರೆ ಅವರ ಬೆರಳಲ್ಲಿ ಯಾವ ಬಣ್ಣ ಅಂಟಿದೆ ಎಂದು ನೋಡುತ್ತಿದ್ದೆ. ಅತ್ತ ಅಪ್ಪ ದಿನವೂ ಸ್ಕೂಲಿನಿಂದ ಬಂದು ಕೆರೆಯ ಚಿತ್ರವನ್ನು ಇಳಿಸಿಕೊಂಡು ಕೂರುತ್ತಿದ್ದರು. ಒಂದು ಸಲ ಬಿಳಿ ಮೋಡ ಬರೆದರು, ಅದು ಹತ್ತಿಯ ಉಂಡೆಯಾಯಿತು. ಚಾಕುವಿನಿಂದ ಕೆರೆದು ತೆಗೆದರು. ಮತ್ತೆ ಬರೆದರು, ಮತ್ತೆ ಕೆರೆದರು. ಚಿತ್ರ ಕಳಿಸುವ ದಿನ ಹತ್ತಿರವಾಗುತ್ತಿತ್ತು.

ಅಷ್ಟರಲ್ಲಿ ನನಗೆ ಮಂಗನಬಾವು ಬಂತು. ಗುರುವಾರ ಮಧ್ಯಾಹ್ನ ಅಮ್ಮ ಅಕ್ಕಿಪೇಟೆಯಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗುವುದು ರೂಢಿ. ಅವತ್ತೂ ಪಕ್ಕದ ಮನೆಯ ಅಜ್ಜಿಗೆ ನನ್ನನ್ನು ನೋಡಿಕೊಳ್ಳಲು ಹೇಳಿ ಹೋದಳು. ಅಜ್ಜಿ ನಡುಮನೆಯಲ್ಲಿ ಕೂತಲ್ಲೇ ನಿದ್ದೆ ಹೋದರು. ನಾನು ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಾಗ ಬೀದಿ ಬಾಗಿಲಿನ ಬೀಗ ತಿರುಗಿದ ಸದ್ದಾಯಿತು. ಎದ್ದು ಬಿರುಕಿಗೆ ಕಣ್ಣಿಟ್ಟೆ. ರುದ್ರಪ್ಪ ಮಾಮ. ಅವರು ತಮ್ಮ ಗೋಡೆಯ ಕಡೆ ಹೋಗಲಿಲ್ಲ. ಅಪ್ಪನ ಕೆರೆಯನ್ನು ಮೊಳೆಯಿಂದ ಇಳಿಸಿ ಕುರ್ಚಿಗೆ ಒರಗಿಸಿದರು. ಬಣ್ಣ ಕಲೆಸಿದರು. ಸ್ವಲ್ಪವೂ ಅಳುಕಿಲ್ಲದೆ ಅಪ್ಪನ ಆಕಾಶದ ಮೇಲೆ ಬ್ರಷ್ಷು ಎಳೆಯತೊಡಗಿದರು. ಟರ್ಪೆಂಟೈನ್ ವಾಸನೆ ಬಾಗಿಲಿನ ಈಚೆಗೂ ಬಂತು. ಅಜ್ಜಿ ಎರಡು ಸಲ ಗೊರಕೆ ನಿಲ್ಲಿಸಿ ಮತ್ತೆ ಶುರು ಮಾಡಿದರು. ನಾನು ಬಿರುಕಿನಿಂದ ಕಣ್ಣು ತೆಗೆಯದೆ ನೋಡಿದೆ. ಹೆದರಿಕೆಯಷ್ಟೇ ಅಲ್ಲ, ಕೊನೆಗೂ ಹಿಡಿದೆ ಎನ್ನುವ ಖುಷಿಯೂ ಅದರಲ್ಲಿತ್ತು ಎಂದು ಒಪ್ಪಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅವರು ಚಿತ್ರವನ್ನು ಜೋಪಾನವಾಗಿ ಮೊಳೆಗೆ ಹಾಕಿ, ಮನೆಯ ಪಕ್ಕದ ಓಣಿಯಿಂದ ಹಿತ್ತಲಿಗೆ ಬಂದು ನಲ್ಲಿಯಲ್ಲಿ ಬ್ರಷ್ಷಿಗೆ ಸೋಪು ಹಚ್ಚಿ ತೊಳೆದರು. ಹಿತ್ತಲ ಕಿಟಕಿಯಲ್ಲಿ ನನ್ನನ್ನು ಕಂಡು ನಕ್ಕರು.

"ಹೆಂಗಿದೆ ಪುಟ್ಟಿ ಬಾವು? ಇಳೀತಾ?"

ನಾನು ಕಿಟಕಿಯಿಂದ ಹಿಂದೆ ಸರಿದೆ. ಕಳ್ಳರು ಹೀಗೇ ಧೈರ್ಯವಾಗಿ ಮಾತಾಡಿಸುತ್ತಾರೆ ಎಂದುಕೊಂಡೆ. ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಹಜಾರಕ್ಕೆ ಹೋಗಿ ಚಿತ್ರದ ಮುಂದೆ ನಿಂತು ನೋಡಿದಳು. ಕೆರೆಯ ಮೇಲೆ ಬೂದು, ಹಳದಿ ಸೇರಿದ ಮೋಡಗಳು ಬಂದಿದ್ದವು. ಅವಳಿಗದು ಕೊಳೆಯಂತೆ ಕಂಡಿತು.

"ಹಾಳ್ ಮಾಡಿದಾನೆ. ನಿಮ್ಮಪ್ಪಂಗೆ ಈಗ್ಲೇ ಹೇಳ್ಬೇಡ, ನಂಬಲ್ಲ. ಭಾನುವಾರ ಎಲ್ಲರ ಮುಂದೆ ಹೇಳು."

ಅಪ್ಪ ಅಂದು ಸಂಜೆ ಬಂದವರು ಚಿತ್ರವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ. ಕೈಕಾಲು ತೊಳೆದುಕೊಂಡು ಬಂದು ನನಗೆ ಗಂಜಿ ಕುಡಿಸಿದರು.

ಭಾನುವಾರ ಬಂತು. ಉಪ್ಪಿಟ್ಟಿನ ತಟ್ಟೆಗಳು ಬಂದವು. ಕೆರೆಯ ಚಿತ್ರ ಸ್ಟ್ಯಾಂಡಿನ ಮೇಲೆ ಕೂತಿತು. ಲೀಲಾ ಟೀಚರ್ ಅದನ್ನು ನೋಡಿ ಎದ್ದು ಹತ್ತಿರ ಹೋದರು.

"ಮೇಷ್ಟ್ರೇ, ಇದು ಮಳೆ ನಿಂತ್ಮೇಲಿನ ಬೆಳಕು! ಈಗ ಆ ಕಲ್ಲುಗಳೆಲ್ಲ ಒದ್ದೆಯಾಗಿರೋ ಹಾಗ್ ಕಾಣ್ತಿದೆ."

"ಆಕಾಶ ಪೂರ್ತಿ ಬದಲಾಗಿದೆಯಲ್ಲ," ಎಂದರು ಮೂರ್ತಿ ಮಾಮ. "ಯಾವಾಗ ಮಾಡಿದ್ರಿ?"

"ಮೊನ್ನೆ. ಒಂಚೂರು ತಿದ್ದಿದೆ," ಎಂದರು ಅಪ್ಪ.

ನಡುಬಾಗಿಲಲ್ಲಿ ಅಮ್ಮ ನನ್ನ ಬೆನ್ನಿಗೆ ಬೆರಳು ಒತ್ತಿದಳು. ನಾನು ಹಜಾರಕ್ಕೆ ಕಾಲಿಟ್ಟೆ.

"ಅಪ್ಪ ತಿದ್ದಿಲ್ಲ. ರುದ್ರಪ್ಪ ಮಾಮ ತಿದ್ದಿದ್ದು. ಗುರುವಾರ ಯಾರೂ ಇಲ್ದಾಗ ಬಂದಿದ್ರು. ನಾನ್ ನೋಡ್ದೆ."

ಎಲ್ಲರೂ ರುದ್ರಪ್ಪ ಮಾಮನನ್ನು ನೋಡಿದರು. ರುದ್ರಪ್ಪ ಮಾಮ ಅಪ್ಪನನ್ನು ನೋಡಿದರು. ಅಪ್ಪ ಚಿತ್ರವನ್ನೇ ನೋಡುತ್ತಿದ್ದರು, ಅದರಲ್ಲಿ ಯಾರೋ ಕರೆಯುತ್ತಿದ್ದಾರೆ ಎನ್ನುವ ಹಾಗೆ. ಅವರ ಕಿವಿ ಕೆಂಪಾಗಿತ್ತು. ಅಪ್ಪನ ಮಾತಿಗೆ ಕಾದು, ರುದ್ರಪ್ಪ ಮಾಮ ತಟ್ಟೆಯನ್ನು ನೆಲದ ಮೇಲಿಟ್ಟು ಎದ್ದರು.

"ಹೌದು. ಕೇಳ್ದೆ ಕೈ ಹಾಕ್ದೆ. ತಪ್ಪಾಯ್ತು."

ಆ ಮಧ್ಯಾಹ್ನವೇ ಅವರು ಅಂಗಡಿಯ ಕೈಗಾಡಿ ತರಿಸಿ ತಮ್ಮ ಗೋಡೆಯ ಚಿತ್ರಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಕೊಂಡೊಯ್ದರು. ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದರು. ಅಪ್ಪ ಹಿತ್ತಲಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಅಮ್ಮನಿಗೆ ಎಲ್ಲ ಸ್ಪಷ್ಟವಾಗಿತ್ತು. "ನೋಡಿದ್ಯಾ ನಿಮ್ಮಪ್ಪನ ಮನಸ್ಸು? ಅವನ ಮಾನ ಉಳ್ಸೋಕೆ ತಾನೇ ತಿದ್ದಿದೆ ಅಂದ್ಬಿಟ್ರು," ಎಂದಳು. ನಾನು ತಲೆಯಾಡಿಸಿದೆ. ಆದರೆ ಒಳಗೆ ಒಂದು ಲೆಕ್ಕ ಕೂಡಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಯಾರಾದರೂ ಗೀಚಿದ್ದರೆ ನಾನು ಗುರುವಾರವೇ ಕಿರುಚುತ್ತಿದ್ದೆ. ಅಪ್ಪ ಯಾಕೆ ಕಿರುಚಲಿಲ್ಲ? ಗಂಜಿ ಕುಡಿಸುವಾಗ ಅವರ ಮುಖ ಯಾಕೆ ಅಷ್ಟು ಹಗುರಾಗಿತ್ತು? ಅನುಮಾನಿಸಲು ಕಲಿಸಿದವಳು ಅಮ್ಮ. ಆ ದಿನದಿಂದ ನಾನು ಅನುಮಾನಿಸಿದ್ದು ಅಪ್ಪನನ್ನು. ಅದನ್ನು ಯಾರಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಮಟನ್ ಸಾರು ಕುದಿಯಿತು. ಅಮ್ಮ ಬಹುಮಾನದಂತೆ ಈಲಿಯ, ಅಂದರೆ ಲಿವರಿನ, ಚೂರುಗಳನ್ನು ನನ್ನ ತಟ್ಟೆಗೆ ಹಾಕಿದಳು. ಬಾವು ಇಳಿದಿತ್ತು, ಆದರೂ ನಾನು ಅವನ್ನು ತಟ್ಟೆಯ ಅಂಚಿಗೆ ಸರಿಸಿದೆ. ಅಪ್ಪ ಹಸಿವಿಲ್ಲ ಎಂದರು. ಕೆರೆಯ ಚಿತ್ರ ಪ್ರದರ್ಶನಕ್ಕೆ ಹೋಯಿತು. ನೋಡಿದವರೆಲ್ಲ ಆಕಾಶವನ್ನೇ ಹೊಗಳಿದರಂತೆ. ಸ್ಕೂಲಿನಲ್ಲಿ ಪರೀಕ್ಷೆ ಎಂದು ಅಪ್ಪ ಒಂದು ದಿನವೂ ಅಲ್ಲಿಗೆ ಹೋಗಲಿಲ್ಲ. ರುದ್ರಪ್ಪ ಮಾಮನ ಗೋಡೆ ಮೂರ್ತಿ ಮಾಮನಿಗೆ ಸಿಕ್ಕಿತು. ಅವರು ಅದನ್ನು ತುಂಬಿಸುವಷ್ಟರಲ್ಲಿ ಲೀಲಾ ಟೀಚರ್ ಬರುವುದು ನಿಂತಿತು, ಕ್ರಮೇಣ ಮೂರ್ತಿ ಮಾಮನೂ ತಪ್ಪಿಸತೊಡಗಿದರು. ಹಲಗೆ ಇಳಿಯಿತು. ಹಜಾರಕ್ಕೆ ಬೆತ್ತದ ಕುರ್ಚಿಗಳು ಬಂದವು. ಅಪ್ಪ ಬರೆಯುವುದನ್ನು ಬಿಡಲಿಲ್ಲ, ಆದರೆ ಅವರ ಚಿತ್ರಗಳಲ್ಲಿ ಆಕಾಶ ಇಲ್ಲವಾಯಿತು. ಕಾಗದದ ಅಂಚಿನಿಂದ ಅಂಚಿಗೆ ಬಂಡೆ, ಬೇರು, ಕಾಂಪೌಂಡು ಗೋಡೆ.

ನಾನು ಬೆಳೆದು ಬ್ಯಾಂಕಿಗೆ ಸೇರಿದೆ. ಬಹಳ ವರ್ಷ ನನ್ನ ಕೆಲಸ ಸಹಿಗಳನ್ನು ಹೋಲಿಸಿ ನೋಡುವುದು: ಇದು ಇವರದೇ ಕೈಯೋ, ಬೇರೆಯವರದೋ. ಬಾಗಿಲ ಬಿರುಕಿನಲ್ಲಿ ಕಲಿತ ವಿದ್ಯೆಗೆ ಸಂಬಳ ಸಿಕ್ಕಿತು ಎನ್ನಬೇಕು. ಅಮ್ಮ ತೀರಿಕೊಂಡಳು, ಕೊನೆಯವರೆಗೂ ರುದ್ರಪ್ಪ ಮಾಮನನ್ನು 'ಆ ಕಳ್ಳ' ಎಂದೇ ಕರೆಯುತ್ತಿದ್ದಳು. ಅಪ್ಪ ಈಗ ಬಸವನಗುಡಿಯಲ್ಲಿ ನನ್ನ ಜೊತೆಗಿದ್ದಾರೆ.

ಹೋದ ವರ್ಷ ಮಲ್ಲೇಶ್ವರದ ಒಂದು ಹಳೆಯ ಮನೆಯಲ್ಲಿ ಕೆಲವು ಎಳೆಯ ಚಿತ್ರಕಾರರು ಸೇರಿ ಊರಿನ ಹಿಂದಿನ ತಲೆಮಾರಿನವರ ಬಯಲು ಚಿತ್ರಗಳನ್ನು ತೂಗುಹಾಕಿದ್ದರು. ಸ್ನೇಹಿತೆಯ ಒತ್ತಾಯಕ್ಕೆ ಹೋದೆ. ಅಲ್ಲಿ ರುದ್ರಪ್ಪ ಮಾಮನ ಹೆಸರಿನ ಸಾವನದುರ್ಗದ ಚಿತ್ರ ಒಂದಿತ್ತು. ಮೇಲೆ ತುಂಬಿದ, ತಿರುಗುವ, ಅವರದೇ ಆಕಾಶ. ಕೆಳಗೆ ಬಂಡೆ. ನಾನು ಬಂಡೆಯ ಹತ್ತಿರ ಮುಖ ಒಯ್ದೆ. ಬಲಗೈಯವರು ಗೆರೆ ಎಳೆದರೆ ಒಂದು ಕಡೆ ವಾಲುತ್ತದೆ, ಎಡಗೈಯವರು ಎಳೆದರೆ ಇನ್ನೊಂದು ಕಡೆ. ಮೋಡದ ಗೆರೆಗಳು ಒಂದು ಕಡೆ ವಾಲಿದ್ದವು. ಬಂಡೆಯ ಗೆರೆಗಳು ಪೂರ್ತಿ ಅದರ ವಿರುದ್ಧ. ಒಂದೇ ಚಿತ್ರದಲ್ಲಿ ಎರಡು ಕೈ; ನಾಲ್ವರಲ್ಲಿ ಎಡಗೈಯವರು ಅಪ್ಪ ಒಬ್ಬರೇ. ಅಲ್ಲೇ ಇದ್ದ ಸ್ಟೂಲು ಎಳೆದುಕೊಂಡು ಅದನ್ನೇ ನೋಡುತ್ತಾ ಕೂತೆ. ಚಿತ್ರ ಕೊಟ್ಟವರ ವಿಳಾಸ ಕೇಳಿ ಪಡೆದುಕೊಂಡೆ. ಕುಮಾರ ಪಾರ್ಕಿನಲ್ಲಿ ಮಾಮನ ಮಗನ ಮನೆ. ಅಲ್ಲಿಂದಲೇ ಹೋದೆ.

ರುದ್ರಪ್ಪ ಮಾಮ ಸಣ್ಣಗಾಗಿದ್ದರು. ಹಣೆಯ ವಿಭೂತಿ ಮಾತ್ರ ಅಷ್ಟೇ ಅಗಲ. ನಾನು ಯಾರೆಂದು ಹೇಳಿದೆ. ಅವರು ಕೂರಲು ಹೇಳುವ ಮೊದಲೇ ಕೇಳಿಬಿಟ್ಟೆ.

"ಸಾವನದುರ್ಗದ ಬಂಡೆ ಯಾರ್ದು ಮಾಮ?"

ಅವರು ನನ್ನನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದರು, ಕೆಮ್ಮು ಬರುವ ತನಕ ನಕ್ಕರು.

"ನಿಮ್ಮಪ್ಪಂದು. ನನ್ ಚಿತ್ರದಲ್ಲಿರೋ ಬಂಡೆ ಎಲ್ಲ ಅವನ್ದೇ. ಅವನ್ ಚಿತ್ರಕ್ಕೆ ಆಕಾಶ ಬರೆದಿದ್ದು ಅದೊಂದ್ ಸಲ ಮಾತ್ರ. ಅದೂ ಅವನ್ ಕೇಳ್ಕೊಂಡಿದ್ದಕ್ಕೆ."

"ಮತ್ತೆ ಅವತ್ತು ಯಾಕ್ ಹೇಳ್ಲಿಲ್ಲ? ನಿಮ್ಮನ್ನ ಕಳ್ಳನ್ ಥರ ನಿಲ್ಲಿಸ್ದೆ ನಾನು."

"ಹೇಳಿದ್ರೆ ಬಂಡೆ ವಿಷಯಾನೂ ಆಚೆ ಬರೋದಮ್ಮ. ಒಂದಲ್ಲ, ಹನ್ನೊಂದ್ ಚಿತ್ರ ಇತ್ತು ನನ್ ಗೋಡೆ ಮೇಲೆ. ಅವನು ಬಾಯ್ ಬಿಡದೆ ಇದ್ದಿದ್ದು ಭಯಕ್ಕೆ, ನಾನೂ ಭಯಕ್ಕೇ. ನಿಮ್ಮಮ್ಮ ನನ್ನ ಕಳ್ಳ ಅಂದ್ಕೊಂಡ್ರು. ನೀನು ಈಗ ದೇವರಂಥೋನು ಅಂದ್ಕೋಬೇಡ. ಎರಡೂ ಅಲ್ಲ ನಾನು."

ಮನೆಗೆ ಬಂದು ಅಪ್ಪನಿಗೆ ಎಲ್ಲಿಗೆ ಹೋಗಿದ್ದೆ ಎಂದು ಹೇಳಿದೆ. ಬಂಡೆಯ ಮಾತನ್ನೂ ಹೇಳಿದೆ. ಅಪ್ಪ ಪೇಪರನ್ನು ನಾಲ್ಕಾಗಿ ಮಡಿಸಿದರು. "ಬಂಡೆನಾ? ನಂಗ್ ನೆನಪಿಲ್ಲ," ಎಂದರು. ಅವರಿಗೆ ಎಲ್ಲವೂ ನೆನಪಿರುತ್ತದೆ ಎಂದು ನನಗೆ ಗೊತ್ತು. ಯಾಕೆ ಸುಳ್ಳು ಹೇಳಿದರು? ಗೆಳೆಯನನ್ನು ಇನ್ನೂ ಕಾಯುತ್ತಿದ್ದಾರೋ, ತಮ್ಮನ್ನೇ ಕಾಯ್ದುಕೊಳ್ಳುತ್ತಿದ್ದಾರೋ? ಆ ರಾತ್ರಿ ಅವರಿಗೆ ಬಡಿಸಿಟ್ಟು ನಾನು ನನ್ನ ಕೋಣೆಗೆ ಹೋದೆ. ಮೂರನೆಯ ದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಆಟೋ ಕರಿ. ಕುಮಾರ ಪಾರ್ಕಿಗ್ ಹೋಗೋಣ."

ಇಬ್ಬರು ಮುದುಕರು ಎದುರುಬದುರು ಕೂತರು. "ಬಾ ಗೌಡ," ಎಂದರು ರುದ್ರಪ್ಪ ಮಾಮ. ಮೊಣಕಾಲಿನ ನೋವು, ಮೆಟ್ರೋ ಕೆಲಸದ ಧೂಳು, ಯಾರ್ಯಾರು ಇನ್ನಿಲ್ಲ, ಇಷ್ಟೇ ಮಾತು. ಅವರ ಸೊಸೆ ಕಾಫಿ ತಂದಿಟ್ಟು ಹೋದರು. ಅಪ್ಪ ಲೋಟ ಮುಟ್ಟದೆ ನನ್ನ ಕಡೆ ತಿರುಗಿದರು. ಅವರ ಕಿವಿ ಕೆಂಪಾಗಿತ್ತು.

"ಆ ಕೆರೆ ಚಿತ್ರದ ಆಕಾಶ ಇವನ್ದು ಕಣಮ್ಮ. ನಾನೇ ಮಾಡ್ಕೊಡು ಅಂದಿದ್ದೆ."

"ಬಿಡೋ ಗೌಡ," ಎಂದರು ರುದ್ರಪ್ಪ ಮಾಮ. "ಅದನ್ನ ಈಗ ಯಾರು ಕೇಳಿದ್ರು?"

"ಇವಳು. ಅವತ್ತು 'ಅಪ್ಪ ತಿದ್ದಿಲ್ಲ' ಅಂದಾಗ್ಲೇ ಕೇಳಿದ್ಲು."